ಒದ್ದೆ ಕಂಡಲ್ಲೇ ರಂಧ್ರವಿಲ್ಲ

ತಂದೆಯವರು ಬಿಟ್ಟುಹೋದ 1978ರ ಅಂಬಾಸಿಡರ್ ಕಾರಿನೊಳಗೆ ಕೆಲಕಾಲದಿಂದ ಪೆಟ್ರೋಲಿನ ವಾಸನೆ ಹರಡತೊಡಗಿತ್ತು. ಭಾನುವಾರದ ಬಲಿಪೂಜೆಗೆ ಹೊರಟ ತಾಯಿಯವರಿಗೆ ತಲೆಸುತ್ತು ಬಂದಾಗ, ಅದನ್ನು ಗುಜರಿಗೆ ಹಾಕುವ ಮಾತೂ ಮನೆಯಲ್ಲಿ ಎದ್ದಿತು. ಟ್ಯಾಂಕಿನ ಅಡಿಯಲ್ಲಿ ಒಂದೆಡೆ ಒದ್ದೆ ಕಾಣುತ್ತಿತ್ತು. ಅಲ್ಲಿ ತೇಪೆ ಹಾಕಿದರೆ ಸಾಕೆಂದರು ಹಲವರು.

ಹಿರಿಯ ಮೆಕ್ಯಾನಿಕರೊಬ್ಬರು ಒಪ್ಪಲಿಲ್ಲ. ಸೋರಿದ ಪೆಟ್ರೋಲು ಅಂಚಿನ ಗುಂಟ ಹರಿದು, ತಗ್ಗು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ ಎಂದರು. ಟ್ಯಾಂಕನ್ನು ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಕಾದರು. ಬಿಳುಪಿನ ಮೇಲೆ ಮೊದಲು ತೇವ ಮೂಡಿದ್ದು ಗೇಣುದ್ದ ಆಚೆ! ಪೆಟ್ರೋಲಿಗಿಂತ ಭಾರವಾದ ನೀರು ತಳದಲ್ಲಿ ನಿಂತು, ತಗಡಿಗೆ ಒಳಗಿನಿಂದಲೇ ತುಕ್ಕು ಹಿಡಿಸಿತ್ತು.

ಟ್ಯಾಂಕು ಬರಿದಾದ ಮೇಲೂ ಅವರು ಬೆಂಕಿಯನ್ನು ಹತ್ತಿರ ತರಲಿಲ್ಲ. ತುಂಬಿದ ಟ್ಯಾಂಕಿಗಿಂತ ಬರಿದಾದುದೇ ಹೆಚ್ಚು ಅಪಾಯಕಾರಿ. ಉಳಿದ ಆವಿ ಗಾಳಿಯೊಡನೆ ಬೆರೆತು ಸ್ಫೋಟಿಸಬಲ್ಲದು. ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆದು, ಹಬೆ ಹಾಯಿಸಿ, ತುಕ್ಕು ಕೆರೆದ ಬಳಿಕವೇ ಬೆಸುಗೆ ಹಾಕಿದರು. ಕೊನೆಗೆ ಒಳಗೆ ಮೆಲ್ಲನೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಸವರಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

ಪ್ರಿಯ ಓದುಗರೇ, ತಪಸ್ಸುಕಾಲದ ಆತ್ಮಶೋಧನೆಯೂ ಹೀಗೆಯೇ ಅಲ್ಲವೇ? ಕೋಪವೂ ಕಟುನುಡಿಯೂ ಹೊರಗೆ ಕಾಣುವ ಒದ್ದೆ ಮಾತ್ರ. ರಂಧ್ರವಿರುವುದು ಎಂದೋ ಮನದ ತಳದಲ್ಲಿ ನಿಂತುಹೋದ ಕಹಿಯಲ್ಲಿ. ಅದನ್ನು ಹುಡುಕಲು ತಾಳ್ಮೆ ಬೇಕು. ಹುಡುಕಿ ಬರಿದುಮಾಡಿದರೂ ಸಾಲದು. ಗುಡಿಸಿಟ್ಟ ಬರಿದಾದ ಮನೆಗೆ ದುರಾತ್ಮವು ಇನ್ನೂ ಏಳು ಆತ್ಮಗಳೊಡನೆ ಮರಳುವುದೆಂದು ಪ್ರಭು ಯೇಸು ಎಚ್ಚರಿಸಿದ್ದಾರೆ. ತೊಳೆದ ಹೃದಯವನ್ನು ದೇವರ ಕೃಪೆ ತುಂಬಬೇಕು.