ಮಗಳು ಕೇಳಿದ ಪ್ರಶ್ನೆ

ದೀಪಾವಳಿ ಸಮೀಪಿಸಿದಂತೆ ಜತ್ತ ತಾಲೂಕಿನ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಗಂಡಹೆಂಡತಿ ಕೂಡಿದರೆ ಒಂದು ಕೊಯ್ತಾ. ಮುಂಗಡ ಇಬ್ಬರ ದುಡಿಮೆಯ ಮೇಲಿರುವುದರಿಂದ ಒಂದು ದಿನ ಕೂತರೂ ಖಾಡಾ ಎಂದು ಹಣ ಮುರಿಯುತ್ತಾರೆ. ಮುಟ್ಟಿನ ದಿನಕ್ಕೂ ಅಲ್ಲಿ ವಿನಾಯಿತಿ ಇಲ್ಲ.

ಅಂಥದೊಂದು ಮನೆಯ ತಾಯಿಗೆ ಮೂವತ್ತೆರಡು ವರ್ಷ. ಮುಟ್ಟು ಒಮ್ಮೆ ಹದಿನೆಂಟು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ ಬರುತ್ತಿತ್ತು. ವೈದ್ಯರೊಬ್ಬರು ಗರ್ಭಚೀಲ ತೆಗೆಸಿಬಿಡಿರೆಂದರು. ಟೋಳಿಯ ಹೆಂಗಸರೂ ‘ಕಾಟ ತಪ್ಪೀತು’ ಎಂದರು. ಆಗ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮಗಳು ಮೆಲ್ಲಗೆ ಕೇಳಿದಳು: “ಅವ್ವಾ, ನಂದೂ ಹಿಂದಮುಂದ ಆಗ್ತದ. ನಂದೂ ತೆಗಸ್ತಿಯೇನ?”

ತಾಯಿಯ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕಿಕೊಂಡು ಇಬ್ಬರೂ ಸರಕಾರಿ ಆಸ್ಪತ್ರೆಗೆ ಹೋದರು.

ಮೈನೆರೆದ ಮೊದಲ ಎರಡು ಮೂರು ವರ್ಷ ಅಂಡಾಣು ಪ್ರತಿ ತಿಂಗಳೂ ಬಿಡುಗಡೆಯಾಗುವುದಿಲ್ಲ. ಆದ್ದರಿಂದ ಋತುಚಕ್ರ ಏರುಪೇರಾಗುವುದು ಸಹಜ. ಪ್ರಾಯದ ಹೆಣ್ಣಿಗೆ 21ರಿಂದ 35 ದಿನಗಳ ಅಂತರ ಸಾಮಾನ್ಯ. ಅದು ತಪ್ಪಿದರೆ ಥೈರಾಯಿಡ್ ದೋಷ, ಅಂಡಾಶಯದ ತೊಂದರೆ, ಅತಿ ದುಡಿಮೆ, ಮನದ ಚಿಂತೆ ಇವುಗಳಲ್ಲಿ ಕಾರಣ ಹುಡುಕಬೇಕು. ಮೂರು ತಿಂಗಳು ಮುಟ್ಟಾಗದಿದ್ದರೆ, ಏಳು ದಿನ ಮೀರಿ ಸ್ರಾವವಾದರೆ, ತಾಸಿಗೊಂದು ಪ್ಯಾಡು ತೋಯ್ದರೆ ತಡಮಾಡಬಾರದು. ತಾಯಿಯ ರಕ್ತಪರೀಕ್ಷೆಯಲ್ಲಿ ಥೈರಾಯಿಡ್ ದೋಷ ಕಂಡಿತು, ಗುಳಿಗೆ ಆರಂಭವಾಯಿತು. ಶಸ್ತ್ರಕ್ರಿಯೆಯ ಮಾತೇ ಬರಲಿಲ್ಲ.

ಎಲ್ಲರ ಪಾಲಿಗೆ ಹೀಗಾಗಿಲ್ಲ. 2019ರಲ್ಲಿ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸಂಗತಿ ಹೊರಬಂದಾಗ ನೀಲಂ ಗೋರ್ಹೆಯವರ ನೇತೃತ್ವದ ಸಮಿತಿ ವಿಚಾರಣೆ ನಡೆಸಿತು. ಸಮೀಕ್ಷೆಗೊಳಗಾದ 82,309 ಮಹಿಳೆಯರಲ್ಲಿ 13,861 ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಅಂಡಾಶಯವನ್ನೂ ತೆಗೆದರೆ ಮುಟ್ಟುನಿಲ್ಲುವ ಬಾಧೆ ಅಕಾಲದಲ್ಲೇ ಎರಗುತ್ತದೆ, ಎಲುಬು ಸವೆಯುತ್ತದೆ. ಹಾಗಾದ ಮೇಲೆ ಕೊಯ್ತಾ ಹಿಡಿಯುವ ಕೈಯೂ ಸೋಲುತ್ತದೆ.

ಡಾ. ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಕಾರಣವೇನು, ಬೇರೆ ಚಿಕಿತ್ಸೆ ಇದೆಯೇ, ಮುಂದಿನ ಪರಿಣಾಮವೇನು ಎಂದು ತಿಳಿಯುವುದು ರೋಗಿಯ ಹಕ್ಕು. ಅರ್ಥವಾಗದ ಮರಾಠಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಒಪ್ಪಿಗೆಯಾಗದು. ಕನ್ನಡದಲ್ಲಿ ಹೇಳಿರೆಂದು ಕೇಳಬಹುದು.

ಈ ಸಲ ಟೋಳಿಯೊಡನೆ ಹೊರಡುವಾಗ ತಾಯಿ ಗಂಟಿನಲ್ಲಿ ಗುಳಿಗೆಗಳನ್ನು ಕಟ್ಟಿಕೊಂಡಳು. ಪುಟ್ಟ ಕ್ಯಾಲೆಂಡರೊಂದನ್ನು ಮಡಚಿಟ್ಟುಕೊಂಡಳು. ಅಂಥದೇ ಇನ್ನೊಂದು, ಅಜ್ಜಿಯ ಬಳಿ ಉಳಿದ ಮಗಳ ಪಾಟಿಚೀಲದಲ್ಲಿದೆ. ಇಬ್ಬರೂ ಮುಟ್ಟಾದ ದಿನಕ್ಕೆ ಕೆಂಪು ಚುಕ್ಕೆ ಇಡುತ್ತಾರೆ.