ಕಟಾವಾಗದ ಮೆಕ್ಕೆಜೋಳದ ಹೊಲ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಹಂಗಾಮು ಒಂಬತ್ತೇ ದಿನ, ನವೆಂಬರ್ ಕೊನೆಯ ಹೊತ್ತಿಗೆ. ಮಳೆ ಹಿಡಿದು ಕಟಾವು ತಡವಾದ ವರ್ಷ ಬೇಟೆಗಾರರ ಮುಖ ಬಾಡುತ್ತದೆ. ಬಿಳಿಬಾಲದ ಜಿಂಕೆಗೆ ನಿಂತ ಮೆಕ್ಕೆಜೋಳ ಊಟವೂ ಹೌದು, ಮನೆಯೂ ಹೌದು. ಆಳೆತ್ತರ ಮೀರಿದ ಬೆಳೆಯೊಳಗೆ ತಿಂದು ಅಲ್ಲೇ ಮಲಗಿದರೆ ಹಗಲಲ್ಲಿ ಹೊರಗೆ ಬರುವ ಅಗತ್ಯವೇ ಇಲ್ಲ.

ಹಳಬರ ಒಂದು ಉಪಾಯ ನನಗೆ ಬಹಳ ಹಿಡಿಸಿದೆ. ಜೋರು ಗಾಳಿಯ ದಿನಕ್ಕೆ ಕಾಯುತ್ತಾರೆ. ಒಣಗರಿಗಳ ಸರಸರದಲ್ಲಿ ಹೆಜ್ಜೆ ಸದ್ದು ಮುಚ್ಚಿಹೋಗುತ್ತದೆ. ಸಾಲಿನುದ್ದಕ್ಕೆ ನಡೆಯದೆ ಅಡ್ಡಲಾಗಿ ದಾಟುತ್ತಾರೆ. ಸಾಲಿಂದ ಸಾಲಿಗೆ ಸಾಮಾನ್ಯವಾಗಿ ಎರಡೂವರೆ ಅಡಿ. ಪ್ರತಿ ಸಾಲಲ್ಲೂ ತಲೆಯಷ್ಟೇ ಚಾಚಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಟ. ಅಲುಗುವ ಒಂದು ಕಿವಿ ಕಂಡರೂ ಸಾಕು, ಉಸಿರು ಹಿಡಿದು ಹಿಂದೆ ಸರಿಯಬೇಕು. ದೊಡ್ಡ ಹೊಲವಾದರೆ ಇದಕ್ಕೇ ಗಂಟೆಗಳು ಬೇಕು. ಬಂದೂಕಿಗಿಂತ ತಾಳ್ಮೆಯೇ ದೊಡ್ಡ ಆಯುಧವಾಗುವ ಬೇಟೆ ಇದು. ಆದರೆ ಬೇಟೆಗಾರರು ಎದ್ದು ಕಾಣಲೆಂದು ತೊಡುವ ಕಿತ್ತಳೆ ಅಂಗಿಯೂ ಮರೆಯಾಗುವ ಜಾಗ. ಆಚೆ ಯಾರಿದ್ದಾರೆಂದು ತಿಳಿಯದೆ ಗುಂಡು ಹಾರಿಸುವುದನ್ನು ನಾನಂತೂ ಒಪ್ಪಲಾರೆ.

ನಮ್ಮ ರಾಣೆಬೆನ್ನೂರಿನಲ್ಲೂ ಮೆಕ್ಕೆಜೋಳವಿದೆ, ಕೃಷ್ಣಮೃಗವಿದೆ. ಎಳೆ ಪೈರು ಮೇಯಲು ಬಂದರೆ ರೈತ ಕೂಗಿ ಓಡಿಸಬಹುದಷ್ಟೇ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬಿಡುವುದಿಲ್ಲ. ಅವನ ನಷ್ಟವೂ ನನ್ನ ಕಣ್ಣ ಮುಂದಿದೆ.

ವಿಸ್ಕಾನ್ಸಿನ್‌ನಲ್ಲಿ ಕೊನೆಗೂ ಕಟಾವಿನ ಯಂತ್ರ ಹೊಲಕ್ಕಿಳಿಯುತ್ತದೆ. ಉಳಿದ ಹತ್ತಾರು ಸಾಲುಗಳಲ್ಲಿ ಒತ್ತಿಕೊಂಡು ನಿಂತ ಜಿಂಕೆಗಳು ಒಮ್ಮೆಲೇ ಬಾಲವೆತ್ತಿ ಬಯಲಿಗೆ ಚಿಮ್ಮುತ್ತವೆ.