ಗೌರಿಯ ಅಪ್ರೈಸಲ್

ಆಫೀಸಿನಲ್ಲಿ ವರ್ಷಕ್ಕೊಮ್ಮೆ ನನಗೆ ರೇಟಿಂಗ್ ಕೊಡ್ತಾರೆ. ನಾನು ರೇಟಿಂಗ್ ಕೊಟ್ಟಿದ್ದು ಜೀವನದಲ್ಲಿ ಒಂದೇ ಸಲ, ಮೂರು ಹಸುಗಳಿಗೆ. ಅದರಲ್ಲಿ ನಾನೇ ಫೇಲಾದೆ.

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹೊತ್ಕೊಂಡು ಕತ್ತಲಗೆರೆಗೆ ಬಂದವನು ಎರಡು ವರ್ಷ ಅಲ್ಲೇ ಉಳಿದೆ. ಅವ್ವನ ಕೊಟ್ಟಿಗೆಯಲ್ಲಿ ಆಗ ಮೂರು ಹಸು. ಕಪ್ಪು ಬಿಳುಪಿನ ಎಚ್‌ಎಫ್ ಕ್ರಾಸ್ ಗೌರಿ, ಜರ್ಸಿ ಕ್ರಾಸ್ ಕೆಂಪಿ, ಮತ್ತೆ ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ತುಂಗೆ. ಗೌರಿ ಕೊಟ್ಟಿಗೆಯ ಸ್ಟಾರ್. ಈದ ಹೊಸದರಲ್ಲಿ ದಿನಕ್ಕೆ 14 ಲೀಟರ್. ಮನೆಗೆ ಯಾರೇ ಬರಲಿ, ಅವ್ವ ಮೊದಲು ಹೇಳೋದು ಆ ಹದಿನಾಲ್ಕರ ವಿಷಯ. ಕೆಂಪಿ ಯಾವತ್ತೂ ಹತ್ತು ದಾಟಿದವಳಲ್ಲ. ಹಾಗಾಗಿ ಅವಳ ಬಗ್ಗೆ ಯಾರೂ ಮಾತಾಡ್ತಿರಲಿಲ್ಲ.

ಡೇರಿ ಪಾಸ್‌ಬುಕ್ಕಿನಲ್ಲಿ ಯಾವ ಹಸು ಎಷ್ಟು ಕೊಟ್ಟಿತು ಅಂತ ಇರೋದಿಲ್ಲ. ಮೂವರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ. ಫ್ಯಾಟ್, ಎಸ್‌ಎನ್‌ಎಫ್ ನೋಡೋದೂ ಆ ಕೂಡಿದ ಹಾಲಿಗೇ. 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಇದ್ದರೆ ಪೂರ್ತಿ ರೇಟು. ಕೆಂಪಿಯ ಗಟ್ಟಿ ಹಾಲು ಗೌರಿಯ ತೆಳು ಹಾಲಿಗೆ ಎಷ್ಟು ಸಲ ಪಾಸ್ ಮಾರ್ಕ್ಸ್ ಕೊಡಿಸಿತ್ತೋ, ಲೆಕ್ಕ ಇಟ್ಟವರಿಲ್ಲ.

ಲೆಕ್ಕ ಇಡೋಣ ಅಂತ ನಾನು ಹೊರಟೆ. ತಿಂಗಳಿಗೊಂದು ದಿನ, ಬೆಳಿಗ್ಗೆ ಸಂಜೆ ಎರಡೂ ಹೊತ್ತು, ಒಬ್ಬೊಬ್ಬಳ ಹಾಲನ್ನೂ ಬೇರೆ ಬೇರೆ ಅಳೆಯೋದು. ಅದನ್ನು ತಿಂಗಳ ದಿನಗಳಿಗೆ ಗುಣಿಸೋದು. ಜೊತೆಗೆ ಈದ ತಾರೀಖು, ಬತ್ತಿದ ತಾರೀಖು. ಇಷ್ಟೇ ಎಕ್ಸೆಲ್ ಶೀಟು. ಅವ್ವ ನಕ್ಕಳು. “ನಿಮ್ಮ ಕಂಪನೀಲಿ ಕೆಲ್ಸ ಕಮ್ಮಿ ಐತೇನೋ?”

2022ರ ಜನವರಿಯಲ್ಲಿ ಗೌರಿ ಮತ್ತೆ ಈದಳು. ಅವತ್ತು ಒಂದು ಪೂರ್ತಿ ಸುತ್ತು ನನ್ನ ಶೀಟಿಗೆ ಸಿಕ್ಕಿತು. ಹಿಂದಿನ ಕರುವಿಂದ ಈ ಕರುವಿಗೆ 600 ದಿನ. ಅದರಲ್ಲಿ 400 ದಿನ ಕರೆದಿದ್ದು, ಒಟ್ಟು 3,000 ಲೀಟರ್. ಉಳಿದ 200 ದಿನ ತಿಂದಿದ್ದು, ಮಲಗಿದ್ದು. ಕೆಂಪಿ 400 ದಿನಕ್ಕೇ ಮತ್ತೊಂದು ಕರು ಹಾಕಿದ್ದಳು, ಒಟ್ಟು 2,400 ಲೀಟರ್. ಈಗ ಹಾಲನ್ನು ಕರೆದ ದಿನಗಳಿಂದ ಭಾಗಿಸಬೇಡಿ, ಸಾಕಿದ ದಿನಗಳಿಂದ ಭಾಗಿಸಿ. ಗೌರಿಗೆ ದಿನಕ್ಕೆ 5 ಲೀಟರ್, ಕೆಂಪಿಗೆ 6.

ಸ್ಟಾರ್ ಬಿದ್ದುಹೋದಳು. ನಾವು ಇಷ್ಟು ವರ್ಷ ಗೌರಿಯ ಅತ್ಯುತ್ತಮ ದಿನವನ್ನು ನೋಡಿ ಇಡೀ ಗೌರಿಗೆ ಮಾರ್ಕ್ಸ್ ಕೊಟ್ಟಿದ್ವಿ.

ಅಂದೇ ರಾತ್ರಿ ಅವ್ವನಿಗೆ ಶೀಟು ತೋರಿಸಿದೆ. “ಈಗ ಹೊಸದಾಗಿ ಈದೈತಿ, ಒಳ್ಳೆ ರೇಟು ಬರ್ತತಿ. ಗೌರಿನ ಕೊಟ್ಬಿಡಣ.”

ಅವ್ವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಹಳೇ ಶಾಬಾದಿಮಠ ಕ್ಯಾಲೆಂಡರು ತಂದಳು. ಇಂಜೆಕ್ಷನ್ ಮಾಡಿಸಿದ ದಿನಗಳನ್ನೆಲ್ಲ ಅದರಲ್ಲೇ ಗುರುತು ಹಾಕ್ತಿದ್ದಳು. ನಾನು ಎರಡು ವರ್ಷ ಅಳೆದಿದ್ದೆ, ಆ ಕ್ಯಾಲೆಂಡರನ್ನು ಒಂದು ಸಲವೂ ತೆಗೆದು ನೋಡಿರಲಿಲ್ಲ.

“ಈದ ಮೇಲೆ ಮೊದಲನೇ ಇಂಜೆಕ್ಷನ್ ಯಾವಾಗ ಐತಿ ನೋಡು.”

ಐದು ತಿಂಗಳಿಗೆ.

ಹಸು ಬೆದೆಗೆ ಬರೋದು ಸುಮಾರು 21 ದಿನಕ್ಕೊಮ್ಮೆ. ಈದ ಎರಡು ಮೂರು ತಿಂಗಳಿಗೆ ಗಬ್ಬ ಕಟ್ಟಿಸಿದರೆ, ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಚಿಲ್ಲರೆ ಸೇರಿ ವರ್ಷ ವರ್ಷಕ್ಕೆ ಕರು ಸಿಗುತ್ತೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯ್ತು. ಹಾಲು ಜಾಸ್ತಿ ಕೊಡೋ ಹಸುಗಳಲ್ಲಿ ಮೂಕ ಬೆದೆಯೂ ಉಂಟು. ಕೂಗಲ್ಲ, ಹಾರಲ್ಲ, ರಾತ್ರಿಯೋ ನಸುಕಿಗೋ ಬಂದು ಹೋಗಿಬಿಡುತ್ತೆ. ಅವ್ವ ತೋಟದಲ್ಲಿರ್ತಾಳೆ. ನಾನು ಕೊಟ್ಟಿಗೆಯಿಂದ ಇಪ್ಪತ್ತು ಅಡಿ ದೂರದಲ್ಲಿ ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗಿನಲ್ಲಿರ್ತಿದ್ದೆ.

“ದಿನ ಕಳೆದಿದ್ದು ಅದಲ್ಲ ಕಣಪ, ನಾವು,” ಅಂದಳು ಅವ್ವ.

ಸಾಲದ್ದಕ್ಕೆ ತಿಂಡಿ. ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಹಿಂಡಿ, ಮೈ ಉಳಿಸಿಕೊಳ್ಳೋಕೆ ಬೇರೆ ಒಂದೂವರೆ ಕೆಜಿ ಅನ್ನೋದು ಸಾಮಾನ್ಯ ಲೆಕ್ಕ. ನಾವು ಮೂವರಿಗೂ ಸಮನಾಗಿ ಹಾಕ್ತಿದ್ವಿ, ಭೇದ ಮಾಡಬಾರದು ಅಂತ! 14 ಲೀಟರ್ ಕೊಡುವವಳು ಮೈ ಕರಗಿಸಿ ಕೊಡ್ತಿದ್ದಳು. ಹಾಗೆ ಸೊರಗಿದ ಹಸು ಬೇಗ ಗಬ್ಬ ನಿಲ್ಲೋದಿಲ್ಲ.

ಹಸುವನ್ನು ಅಳೆಯೋಕೆ ಹಾಲೊಂದೇ ಗಜಕಡ್ಡಿಯೂ ಅಲ್ಲ. ನಮ್ಮಿಂದ ಬಹಳ ದೂರವೇನಲ್ಲದ ಅಜ್ಜಂಪುರದ ಅಮೃತಮಹಲ್ ತಳಿಯನ್ನು ಹೈದರ್, ಟಿಪ್ಪು ಕಾಲದಲ್ಲಿ ಬೆಳೆಸಿದ್ದು ಸೈನ್ಯದ ಸಾಮಾನು ಎಳೆಯೋಕೆ. ನನ್ನ ಶೀಟಿನಲ್ಲಿ ಆ ಹಸುಗಳೆಲ್ಲ ಫೇಲ್. ಅಮೆರಿಕದಲ್ಲಿ ಮಾಂಸಕ್ಕೆ ದನ ಸಾಕುವ ಸಣ್ಣ ರೈತ ಹಸುವಿನ ಹಾಲು ಕರೆಯೋದೇ ಇಲ್ಲ. ಹಾಲೆಲ್ಲ ಕರುವಿಗೆ. ಅವನು ತೂಗೋದು ಆ ಕರುವನ್ನ, 205 ದಿನದ ವಯಸ್ಸಿಗೆ ಲೆಕ್ಕ ಹಾಕಿ, ತಾಯಿಯ ತೂಕಕ್ಕೂ ಹೋಲಿಸಿ. ವರ್ಷಕ್ಕೊಂದು ಕರು ಹಾಕದ ಹಸುವಿಗೆ ಅವನ ಮಂದೆಯಲ್ಲಿ ಜಾಗ ಸಿಗೋದು ಕಷ್ಟ. ಕೇಳೋ ಪ್ರಶ್ನೆ ಬೇರೆಯಾದರೆ ಒಳ್ಳೆ ಹಸುವೂ ಬೇರೆ. ಆದರೆ ಎಲ್ಲರ ಲೆಕ್ಕದಲ್ಲೂ ಬರೋದು ಒಂದೇ, ಕರುವಿಂದ ಕರುವಿಗೆ ಎಷ್ಟು ದಿನ.

ಗೌರಿಯನ್ನು ಮಾರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಫೋನಿನಲ್ಲಿ 21 ದಿನದ ರಿಮೈಂಡರ್ ಇಟ್ಟೆ. “ಅವ್ವಾ, ನಾಳೆಯಿಂದ ಮೂರು ದಿನ ಗೌರಿ ಮೇಲೆ ಕಣ್ಣಿಡು.” ಅವ್ವ ನಸುಕಿಗೊಮ್ಮೆ, ಮಲಗೋ ಮುಂಚೆ ಒಮ್ಮೆ ಟಾರ್ಚ್ ಹಿಡಿದು ನೋಡೋಳು. ಎರಡನೇ ಇಂಜೆಕ್ಷನ್‌ಗೆ ನಿಂತಿತು. ಆ ಸುತ್ತು 410 ದಿನಕ್ಕೆ ಮುಗಿಯಿತು. ಹಾಲು ಒಟ್ಟಿನಲ್ಲಿ ಸ್ವಲ್ಪ ಕಡಿಮೆಯೇ, 2,870 ಲೀಟರ್. ಆದರೂ ದಿನಕ್ಕೆ 7. ಹಸು ಅದೇ, ಕೊಟ್ಟಿಗೆಯೂ ಅದೇ.

ಇನ್ನು ತುಂಗೆ. ಐದು ಇಂಜೆಕ್ಷನ್ ಆದರೂ ಗಬ್ಬ ನಿಲ್ಲಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಇನ್ನು ಆಸೆ ಬೇಡ ಅಂದರು. ಇಲ್ಲಿ ನಮ್ಮ ಕಡೆ ತಪ್ಪೇನೂ ಕಾಣಲಿಲ್ಲ. ಗಬ್ಬದ ಹಸುವಾದರೆ ಬಾಗಿಲಿಗೇ ಬಂದು ಕೊಳ್ಳೋರಿದ್ದಾರೆ, ಗೊಡ್ಡು ಬಿದ್ದಿದ್ದಕ್ಕೆ ಯಾರೂ ಇಲ್ಲ. 2021ರಲ್ಲಿ ಜಾರಿಗೆ ಬಂದ ಜಾನುವಾರು ಕಾಯ್ದೆ 13 ವರ್ಷ ದಾಟಿದ ಎಮ್ಮೆಗೆ ಮಾತ್ರ ವಿನಾಯ್ತಿ ಕೊಡುತ್ತೆ, ಹಸುವಿಗಿಲ್ಲ. ಕಾಯ್ದೆ ಇರದಿದ್ದರೂ ಅವ್ವ ತುಂಗೆಯ ಹಗ್ಗ ಬಿಚ್ಚಿ ಯಾರ ಕೈಗಾದರೂ ಕೊಡ್ತಿದ್ದಳಾ? ಕೇಳೋ ಧೈರ್ಯ ನನಗೆ ಬಂದಿಲ್ಲ.

ಶೀಟಿನಲ್ಲಿ ತುಂಗೆಯ ಸಾಲನ್ನು ಅಳಿಸೋಣ ಅಂತ ಒಮ್ಮೆ ಹೊರಟಿದ್ದೆ. ಸೊನ್ನೆ ಹಾಲಿನ ಸಾಲು ಯಾಕೆ ಅಂತ. ಆದರೆ ಅವಳು ದಿನಾ ಮೇವು ತಿಂತಾಳಲ್ಲ, ಅಳಿಸಿದರೆ ಲೆಕ್ಕ ಸುಳ್ಳಾಗುತ್ತೆ. ಈಗ ಅವಳ ಖರ್ಚನ್ನು ಗೌರಿ, ಕೆಂಪಿಯ ಪ್ರತಿ ಲೀಟರಿಗೂ ಹಂಚಿದ್ದೇನೆ. ಹಾಲಿಗೆ ಸರ್ಕಾರ ಕೊಡೋ ಪ್ರೋತ್ಸಾಹಧನದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತೆ.

ಮೊನ್ನೆ ಊರಿಗೆ ಹೋದಾಗ ಅವ್ವ ಕೇಳಿದಳು, “ನಿನ್ನ ಲೆಕ್ಕದಾಗ ತುಂಗೆ ಎಷ್ಟು ಕೊಡ್ತತಿ ಈಗ?”

“ಏನೂ ಇಲ್ಲ.”

“ಹೂಂ. ಹಂಗೇ ಬರ್ಕ,” ಅಂದು, ಮೊದಲ ಹುಲ್ಲಿನ ಕಟ್ಟು ಅದರ ಮುಂದೆ ಹಾಕಿದಳು.